ಬಾದಶಾನ ಗೋರಿಗೆ ಹೋಗುವ ಮುನ್ನ: ವಿಜಯಪುರದ ಗುಮ್ಮಟಗಳನ್ನು ನೋಡುವ ಕ್ರಮ

ಗೋಳಗುಮ್ಮಟಕ್ಕೆ ನಾನು ಮೊದಲ ಸಲ ಹೋಗಿದ್ದು ಎಂಟನೇ ಇಯತ್ತೆಯ ಶಾಲಾ ಪ್ರವಾಸದಲ್ಲಿ. ಗುಮ್ಮಟ ನೋಡಿದೆ ಅನ್ನುವ ಹಾಗಿಲ್ಲ, ಅದರೊಳಗೆ ಒದರಿ ಬಂದೆ ಅಷ್ಟೇ. ಅರವತ್ತು ಹುಡುಗರು ಏದುಸಿರು ಬಿಡುತ್ತ ಮೇಲೆ ಹತ್ತಿದೆವು, ಒಬ್ಬೊಬ್ಬರೂ ನಮ್ಮ ನಮ್ಮ ಹೆಸರು ಕೂಗಿದೆವು. ಎಲ್ಲ ಕೂಗು ಕಲಸಿ ಸಂತೆಯ ಗದ್ದಲವಾಗಿ ತಲೆಯ ಮೇಲೆ ಬಿತ್ತು. ಯಾರ ಹೆಸರೂ ಯಾರಿಗೂ ಕೇಳಲಿಲ್ಲ. ಮೂಲೆಯಲ್ಲಿ ಕುಳಿತಿದ್ದ ವಯಸ್ಸಾದ ಕಾವಲುಗಾರರು ಎದ್ದು ಬಂದು ನನ್ನ ಹೆಗಲು ಹಿಡಿದು, "ತಮ್ಮಾ, ಒದರಬ್ಯಾಡ. ಗ್ವಾಡಿಗೆ ಬಾಯಿ ಹಚ್ಚಿ ಸಣ್ಣಗ ಮಾತಾಡು. ಆ ಕಡೆ ನಿಂತಾಂವ್ಗ ಕೇಳಸ್ತದ" ಎಂದರು. ಗದ್ದಲ ಇಳಿದ ಮೇಲೆ ಗೋಡೆಗೆ ಕಿವಿ ಹಚ್ಚಿ ನಿಂತೆ. ಎದುರಿನ ಗೋಡೆಗೆ ಮುಖ ಮಾಡಿದ್ದ ಗೆಳೆಯ ಪಕ್ಕದಲ್ಲೇ ನಿಂತು ಹೇಳಿದಂತೆ ಕೇಳಿಸಿತು: "ನಿನ್ನ ಬುತ್ತ್ಯಾಗಿನ ಶೇಂಗಾ ಹೋಳಗಿ ನಾ ತಿಂದೇನಿ."

ನಾವು ಅಷ್ಟು ಹೊತ್ತು ಯಾರ ನೆತ್ತಿಯ ಮೇಲೆ ನಿಂತು ಒದರಿದ್ದೆವು ಎಂಬುದು ಕೆಳಗಿಳಿದು ಬಂದ ಮೇಲಷ್ಟೇ ಗೊತ್ತಾಯಿತು. ಆಮೇಲೆ ಎಷ್ಟೋ ಸಲ ಹೋಗಿದ್ದೇನೆ, ನೆಂಟರನ್ನೂ ಗೆಳೆಯರನ್ನೂ ಕರೆದುಕೊಂಡು ಹೋಗಿದ್ದೇನೆ. ಹಾಗೆ ಹೋಗಿ ಹೋಗಿ ಒಂದು ಕ್ರಮ ರೂಢಿಯಾಗಿದೆ: ಮೊದಲು ಗೋರಿ, ಆಮೇಲೆ ಗುಮ್ಮಟ. ಈ ಕ್ರಮದಲ್ಲಿ ನೋಡಿದರೆ ಅಲ್ಲಿ ಹೇಗೆ ನಡೆದುಕೊಳ್ಳಬೇಕು ಎಂಬ ಮುಕ್ಕಾಲು ಪಾಲು ಪ್ರಶ್ನೆಗಳು ತಾವಾಗಿಯೇ ಬಗೆಹರಿಯುತ್ತವೆ. ಉಳಿದ ಕಾಲು ಪಾಲಿಗಾಗಿ ಈ ಬರಹ.

ಮೊದಲ ಹೆಜ್ಜೆ: ಹೋಗುವ ಜಾಗ ಎಂಥದ್ದು ಎಂದು ತಿಳಿದುಕೊಳ್ಳಿ

ಹೊರಗಿನಿಂದ ಎಲ್ಲ ಗುಮ್ಮಟಗಳೂ ಒಂದೇ ಥರ ಕಾಣುತ್ತವೆ. ಒಳಗಿನ ನಡಾವಳಿ ಮಾತ್ರ ಬೇರೆ ಬೇರೆ.

ಒಂದು ಬಗೆಯವು ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕಗಳು. ಗೋಳಗುಮ್ಮಟ, ಇಬ್ರಾಹಿಂ ರೋಜಾ ಈ ಸಾಲಿನವು. ಟಿಕೆಟ್ ಇರುತ್ತದೆ, ಹೊತ್ತಿಗೆ ಸರಿಯಾಗಿ ಬಾಗಿಲು ತೆರೆದು ಮುಚ್ಚುತ್ತಾರೆ, ಯಾರು ಬೇಕಾದರೂ ಬರಬಹುದು. ಇಲ್ಲಿ ಯಾರಾದರೂ ತಟ್ಟೆ ಹಿಡಿದು ಕಾಣಿಕೆ ಕೇಳಿದರೆ ಕೊಡಲೇಬೇಕೆಂದೇನೂ ಇಲ್ಲ.

ಇನ್ನೊಂದು ಬಗೆಯವು ಇಂದಿಗೂ ಜನ ನಡೆದುಕೊಳ್ಳುವ ದರ್ಗಾಗಳು. ಅಲ್ಲಿ ದರ್ಗಾದ ಸೇವೆ ನೋಡಿಕೊಳ್ಳುವ ಮುಜಾವರರಿರುತ್ತಾರೆ, ಲೋಬಾನದ ಹೊಗೆ ಇರುತ್ತದೆ, ಗೋರಿಯ ಮೇಲೆ ಚಾದರ ಹೊದಿಸಿರುತ್ತಾರೆ, ಹರಕೆ ಹೊತ್ತವರು ಸಕ್ಕರೆ ಓದಿಸುತ್ತಿರುತ್ತಾರೆ. ಅದು ಅವರ ಜಾಗ. ನಾವು ಅತಿಥಿಗಳು.

ಇವೆರಡೂ ಕೂಡಿದ ಜಾಗಗಳೂ ಇವೆ, ನನಗೆ ಹೆಚ್ಚು ಹಿಡಿಸುವುದು ಅವೇ. ಬೀದರಿನ ಹತ್ತಿರದ ಅಷ್ಟೂರಿನಲ್ಲಿ ಬಹಮನಿ ಸುಲ್ತಾನರ ಗುಮ್ಮಟಗಳ ಸಾಲಿದೆ. ಅವುಗಳಲ್ಲಿ 1436ರಲ್ಲಿ ತೀರಿಕೊಂಡ ಅಹಮದ್ ಶಾನದು ಸ್ಮಾರಕವೂ ಹೌದು, ದರ್ಗಾವೂ ಹೌದು. ಜನ ಅವನನ್ನು 'ವಲಿ' ಎಂದರು, ಸಂತನೆಂದು ನಂಬಿದರು. ಹಿಂದೂ ಭಕ್ತರು ಅಲ್ಲಮಪ್ರಭುವಿನ ರೂಪವೆಂದೇ ನಡೆದುಕೊಳ್ಳುತ್ತಾರೆ. ಹೋಳಿ ಹುಣ್ಣಿಮೆ ಕಳೆದ ಮೇಲೆ ಬರುವ ಅವನ ಉರುಸಿಗೆ, ಅಂದರೆ ಪುಣ್ಯತಿಥಿಯ ಜಾತ್ರೆಗೆ, ಕಲಬುರಗಿ ಸೀಮೆಯ ಮಾಡಿಯಾಳದಿಂದ ಜಂಗಮರು ಬಂದು ಶಂಖ ಊದುತ್ತಾರೆ. ಶ್ರೀರಂಗಪಟ್ಟಣದ ಗಂಜಾಮಿನ ಗುಂಬಜ್ ಕೂಡ ಇಂಥದ್ದೇ. ಹೈದರ್ ಅಲಿ 1782ರಲ್ಲಿ ತೀರಿಕೊಂಡ ಮೇಲೆ ಟಿಪ್ಪು ತಂದೆಗಾಗಿ ಕಟ್ಟಿಸಿದ್ದು. ತಾಯಿಯ ಗೋರಿಯೂ ಅಲ್ಲೇ ಇದೆ, 1799ರ ಮೇ ತಿಂಗಳಲ್ಲಿ ಟಿಪ್ಪುವನ್ನೂ ಅವರ ಪಕ್ಕದಲ್ಲೇ ಮಣ್ಣು ಮಾಡಿದರು. ಅಲ್ಲಿ ಚಪ್ಪಲಿ ಹೊರಗೆ ಬಿಟ್ಟೇ ಒಳಗೆ ಹೋಗಬೇಕು. ದಂತದ ಕುಸುರಿಯ ಬಾಗಿಲು ನೋಡಲು ಬಂದವರೂ ಫಾತೇಹಾ ಓದಲು ಬಂದವರೂ ಒಂದೇ ಹೊಸ್ತಿಲು ದಾಟುತ್ತಾರೆ.

ಗೊತ್ತಾಗದಿದ್ದರೆ ಬಾಗಿಲಲ್ಲಿ ಎರಡು ಗುರುತು ನೋಡಿ. ಹೊಸ್ತಿಲ ಹೊರಗೆ ಚಪ್ಪಲಿಗಳಿವೆಯೇ? ಗೋರಿಯ ಮೇಲೆ ಬಟ್ಟೆಯೋ ಹೂವೋ ಇದೆಯೇ? ಎರಡರಲ್ಲಿ ಒಂದಿದ್ದರೂ ಅದನ್ನು ದರ್ಗಾ ಎಂದೇ ತಿಳಿದು ನಡೆದುಕೊಳ್ಳಿ.

ಎರಡನೆಯದು: ದಿನ, ಹೊತ್ತು, ಉಡುಪು

ನವೆಂಬರಿನಿಂದ ಫೆಬ್ರುವರಿವರೆಗೆ ಹೋಗಿ. ಏಪ್ರಿಲ್, ಮೇ ತಿಂಗಳಲ್ಲಿ ವಿಜಯಪುರದ ಬಿಸಿಲು 40 ಡಿಗ್ರಿ ದಾಟುತ್ತದೆ, ಕರಿಕಲ್ಲಿನ ನೆಲ ಕಾದ ಹಂಚಾಗಿರುತ್ತದೆ. ಒಮ್ಮೆ ಏಪ್ರಿಲ್ ಮಧ್ಯಾಹ್ನ ಎರಡು ಗಂಟೆಗೆ ಚಪ್ಪಲಿ ಬಿಟ್ಟು ಇಬ್ರಾಹಿಂ ರೋಜಾದ ಕಟ್ಟೆ ಹತ್ತಿದೆ. ನಾಲ್ಕು ಹೆಜ್ಜೆಗೇ ಕುಣಿಯತೊಡಗಿದವನು ನೆರಳು ಸೇರುವ ತನಕ ನಿಲ್ಲಲಿಲ್ಲ. ಜೊತೆಗಿದ್ದ ಅತ್ತಿಗೆ ನಕ್ಕ ನಗೆ ಮನೆಯಲ್ಲಿ ಇಂದಿಗೂ ಮುಗಿದಿಲ್ಲ. ಅಂದಿನಿಂದ ಚೀಲದಲ್ಲಿ ಒಂದು ಜೊತೆ ದಪ್ಪ ಹತ್ತಿಯ ಕಾಲುಚೀಲ ಇಟ್ಟೇ ಹೊರಡುತ್ತೇನೆ. ಕಾಲುಚೀಲ ಹಾಕಿಕೊಂಡು ನಡೆದರೆ ಯಾರೂ ಆಕ್ಷೇಪಿಸುವುದಿಲ್ಲ.

ಗೋಳಗುಮ್ಮಟಕ್ಕೆ ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಹೋಗಬೇಕು, ಆರು, ಆರೂವರೆಯೊಳಗೆ. ಹತ್ತು ಗಂಟೆಗೆ ಶಾಲಾ ಪ್ರವಾಸದ ಬಸ್ಸುಗಳು ಬಂದು ನಿಂತರೆ ಮುಗಿಯಿತು, ಆಮೇಲೆ ಅಲ್ಲಿ ಗದ್ದಲದ್ದೇ ರಾಜ್ಯಭಾರ. ಮಕ್ಕಳನ್ನು ದೂರಿ ಪ್ರಯೋಜನವಿಲ್ಲ, ನಾನೂ ಅದೇ ಬಸ್ಸಿನಲ್ಲಿ ಬಂದವನೇ. ರೈಲಿನಲ್ಲಿ ಬಂದವರಿಗೆ ನಿಲ್ದಾಣದಿಂದ ಗುಮ್ಮಟ ಹತ್ತಿರ. ಇಬ್ರಾಹಿಂ ರೋಜಾ ಊರಿನ ಪಶ್ಚಿಮಕ್ಕೆ, ಹಳೆಯ ಕೋಟೆಗೋಡೆಯ ಆಚೆಗಿದೆ. ಅದನ್ನು ಸಂಜೆಗೆ ಇಟ್ಟುಕೊಳ್ಳಿ. ಗುಮ್ಮಟದ ಮುಂದಿನ ನಗಾರಖಾನೆಯಲ್ಲಿರುವ ವಸ್ತುಸಂಗ್ರಹಾಲಯಕ್ಕೆ ಶುಕ್ರವಾರ ರಜೆ. ಜುಮ್ಮಾ ಮಸೀದಿಯನ್ನೂ ನೋಡುವ ಮನಸ್ಸಿದ್ದರೆ ಶುಕ್ರವಾರ ಮಧ್ಯಾಹ್ನದ ನಮಾಜಿನ ಹೊತ್ತು ತಪ್ಪಿಸಿ. ಆದ್ದರಿಂದ ಶುಕ್ರವಾರ ಬಿಟ್ಟು ಬೇರೆ ಯಾವ ದಿನವಾದರೂ ಸರಿ. ಉರುಸಿನ ದಿನ ಬೇಕೆಂದೇ ಹೋಗುವವರು ಆ ವರ್ಷದ ತಾರೀಖನ್ನು ಊರಿನವರಿಂದ ಕೇಳಿಕೊಳ್ಳಿ. ಹೆಚ್ಚಿನ ಉರುಸುಗಳು ನಡೆಯುವ ಹಿಜರಿ ಪಂಚಾಂಗದ ತಿಥಿಗಳು ನಮ್ಮ ಕ್ಯಾಲೆಂಡರಿನಲ್ಲಿ ಪ್ರತಿವರ್ಷ ಸುಮಾರು 11 ದಿನ ಹಿಂದಕ್ಕೆ ಸರಿಯುತ್ತವೆ. ಕಳೆದ ವರ್ಷದ ಲೆಕ್ಕ ಹಿಡಿದು ಹೊರಟವರು ಖಾಲಿ ಅಂಗಳ ನೋಡಿ ಬರುತ್ತಾರೆ.

ಬಟ್ಟೆಯ ವಿಷಯಕ್ಕೆ ದೊಡ್ಡ ನಿಯಮಾವಳಿಯೇನೂ ಬೇಕಿಲ್ಲ. ಭುಜ ಮತ್ತು ಮೊಣಕಾಲು ಮುಚ್ಚುವಂಥ, ಸಡಿಲವಾದ ಹತ್ತಿ ಬಟ್ಟೆ ಸಾಕು. ಗಂಡಸರು ಚಡ್ಡಿಯಲ್ಲಿ ಹೋಗಬೇಡಿ. ದರ್ಗಾಕ್ಕೂ ಹೋಗುವವರಿದ್ದರೆ ಹೆಣ್ಣುಮಕ್ಕಳ ಕೈಯಲ್ಲೊಂದು ದುಪಟ್ಟಾ, ಗಂಡಸರ ಜೇಬಿನಲ್ಲೊಂದು ಕರವಸ್ತ್ರ ಇರಲಿ, ತಲೆ ಮುಚ್ಚಿಕೊಳ್ಳಲು. ಸೀರೆ ಉಟ್ಟವರಿಗೆ ಸೆರಗೇ ಇದೆ.

ಮೂರನೆಯದು: ದಕ್ಷಿಣದ ಬಾಗಿಲಿನಿಂದ, ಕಾಲಿನ ಕಡೆಯಿಂದ

ಗೋಳಗುಮ್ಮಟದ ಮುಂದೆ ನಿಂತಾಗ ತಲೆಯೆತ್ತಿ ಗುಮ್ಮಟವನ್ನೇ ನೋಡಬೇಕು ಅನ್ನಿಸುತ್ತದೆ. ನೋಡಿ, ಒಂದು ನಿಮಿಷ. ಆಮೇಲೆ ಕಣ್ಣು ಕೆಳಗಿಳಿಸಿ ದಕ್ಷಿಣದ ಬಾಗಿಲಿನ ಮೇಲಿರುವ ಕಲ್ಲಿನ ಬರಹ ಹುಡುಕಿ. ಅಲ್ಲಿ ಮೂರು ಪಾರಸಿ ವಾಕ್ಯಗಳಿವೆ. ಮೂರೂ ವಿಜಯಪುರವನ್ನು ಆಳಿದ ಬಾದಶಾ ಮುಹಮ್ಮದ್ ಆದಿಲ್ ಶಾನಿಗೆ ಸದ್ಗತಿಯಾಯಿತು ಎಂಬ ಅರ್ಥದವು. ಅವುಗಳ ಸೊಗಸು ಇರುವುದು ಲೆಕ್ಕದಲ್ಲಿ. ಆ ಲಿಪಿಯ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಇದೆ. ಯಾವ ವಾಕ್ಯದ ಅಕ್ಷರಗಳನ್ನು ಕೂಡಿದರೂ ಹಿಜರಿ 1067 ಬರುತ್ತದೆ, ಅಂದರೆ ಅವನು ತೀರಿಕೊಂಡ 1656. ನಮ್ಮ ಹಳೆಯ ಕವಿಗಳು ಸೊನ್ನೆಗೆ 'ಗಗನ' ಎಂದು, ನಾಲ್ಕಕ್ಕೆ 'ವೇದ' ಎಂದು ಬರೆದು ಇಸವಿ ಹೇಳುತ್ತಿದ್ದರಲ್ಲ, ಆ ಜಾಣತನದ ದಾಯಾದಿ ಇದು. ಒಂದೇ ಸಾವಿನ ತಾರೀಖನ್ನು ಮೂರು ಬಗೆಯಲ್ಲಿ ಹೇಳಿಸಿದ ಬಾಗಿಲನ್ನು ದಾಟಿ ಒಳಗೆ ಹೋಗುವವರ ದನಿ ತಾನಾಗಿ ಇಳಿಯುತ್ತದೆ. ಕರೆದುಕೊಂಡು ಹೋದ ಮಕ್ಕಳ ಮೇಲೆ ಇದನ್ನು ಪ್ರಯೋಗಿಸಿ ನೋಡಿದ್ದೇನೆ, ಕೆಲಸ ಮಾಡುತ್ತದೆ.

ದಕ್ಷಿಣದಿಂದ ಒಳಗೆ ಹೋಗುವುದಕ್ಕೆ ಇನ್ನೊಂದು ಅರ್ಥವೂ ಇದೆ. ನಮ್ಮ ದೇಶಕ್ಕೆ ಮೆಕ್ಕಾ ಪಶ್ಚಿಮ ದಿಕ್ಕು. ಆದ್ದರಿಂದ ಇಲ್ಲಿನ ಗೋರಿಗಳು ಉತ್ತರ-ದಕ್ಷಿಣವಾಗಿರುತ್ತವೆ: ತಲೆ ಉತ್ತರಕ್ಕೆ, ಕಾಲು ದಕ್ಷಿಣಕ್ಕೆ, ಮುಖ ಪಶ್ಚಿಮಕ್ಕೆ ಹೊರಳಿರುವಂತೆ. ದಕ್ಷಿಣದ ಬಾಗಿಲಲ್ಲಿ ಬಂದವರು ಮಲಗಿರುವವರ ಕಾಲಿನ ಕಡೆಗೆ ಬಂದು ನಿಲ್ಲುತ್ತಾರೆ. ಹಿರಿಯರು ಮಲಗಿದ್ದಾಗ ತಲೆದೆಸೆಯಲ್ಲಿ ಹೋಗಿ ನಿಲ್ಲಬಾರದು, ಕಾಲ ಬಳಿ ನಿಲ್ಲಬೇಕು ಎನ್ನುವುದು ನಮ್ಮ ಮನೆಗಳಲ್ಲೂ ಇದ್ದ ಮಾತು.

ಚಪ್ಪಲಿ ಎಲ್ಲಿ ಬಿಡಬೇಕು? ಫಲಕ ಇದ್ದರೆ ಫಲಕ ಹೇಳಿದಲ್ಲಿ. ಇಲ್ಲದಿದ್ದರೆ ಉಳಿದವರು ಬಿಟ್ಟಲ್ಲಿ. ಎರಡೂ ಇಲ್ಲದಿದ್ದರೂ ಗೋರಿಯ ಕಟ್ಟೆಯ ಹತ್ತಿರ ಹೋಗುವಾಗ ನಾನಂತೂ ಬಿಡುತ್ತೇನೆ. ಬಿಟ್ಟದ್ದು ಹೊಸ್ತಿಲಿಗೆ ಅಡ್ಡವಾಗದಂತೆ ಬದಿಗೆ ಸರಿಸಿಡಿ.

ನಾಲ್ಕನೆಯದು: ಗೋರಿಯನ್ನು ಓದುವುದು

ಒಳಗೆ ಹೋದ ಮೇಲೆ ಐದು ನಿಮಿಷ ಮೇಲೆ ನೋಡದೆ ಇರಿ. ಕಷ್ಟ. 38 ಮೀಟರಿನಷ್ಟು ಅಗಲದ ಗುಮ್ಮಟ ಒಂದೇ ಒಂದು ಕಂಬವಿಲ್ಲದೆ ನೆತ್ತಿಯ ಮೇಲೆ ನಿಂತಿರುವಾಗ ಕೆಳಗೆ ನೋಡು ಎಂದರೆ ಯಾರು ಕೇಳುತ್ತಾರೆ? ಆದರೂ ಪ್ರಯತ್ನಿಸಿ.

ನಡುವೆ ಎತ್ತರದ ಕಟ್ಟೆಯ ಮೇಲೆ ಗೋರಿಗಳಿವೆ. ಮುಹಮ್ಮದ್ ಆದಿಲ್ ಶಾ, ಅವನ ಇಬ್ಬರು ಪತ್ನಿಯರು, ಒಬ್ಬ ಮಗಳು, ಒಬ್ಬ ಮೊಮ್ಮಗ ಮತ್ತು ಅವನಿಗೆ ಪ್ರಿಯಳಾಗಿದ್ದ ನರ್ತಕಿ ರಂಭಾ. ಬಾದಶಾನದಕ್ಕೆ ಮರದ ಮೇಲ್ಕಟ್ಟು ಇದೆ. ಕಣ್ಣಿಗೆ ಕಾಣುವ ಇವು ಗುರುತಿನ ಗೋರಿಗಳು. ನಿಜವಾಗಿ ಮಣ್ಣಾದ ಜಾಗ ನೇರ ಕೆಳಗಿನ ನೆಲಮಾಳಿಗೆಯಲ್ಲಿದೆ. ಅದಕ್ಕೆ ಪಶ್ಚಿಮದ ಬಾಗಿಲ ಕಡೆಯಿಂದ ಮೆಟ್ಟಿಲು. 'ಮೇಲಿನದು ಬರೀ ನಕಲು, ಹತ್ತಿದರೆ ಏನಾಯಿತು' ಎಂದು ಒಬ್ಬರು ನನ್ನೊಡನೆ ವಾದಿಸಿದ್ದುಂಟು. ಮನೆಯ ಗೋಡೆಯ ಮೇಲಿರುವ ಅಜ್ಜನ ಫೋಟೊ ಕೂಡ ಬರೀ ಕಾಗದವೇ, ಅದರ ಮೇಲೆ ಕಾಲಿಡುತ್ತೀರಾ ಎಂದು ಕೇಳಿದ್ದಕ್ಕೆ ಅವರು ಸುಮ್ಮನಾದರು.

ಗಂಡಸರ ಗೋರಿ ಯಾವುದು, ಹೆಂಗಸರದು ಯಾವುದು ಎಂದು ಗುರುತಿಸಲು ಒಂದು ಸುಲಭ ಚಿಹ್ನೆ ಇದೆ. ಗಂಡಸರ ಗೋರಿಯ ಬೆನ್ನಿನ ಮೇಲೆ ಉದ್ದಕ್ಕೂ ದಿಂಡಿನಂತೆ ಉಬ್ಬು ಇರುತ್ತದೆ, ಹಳೆಯ ಕಾಲದ ಲೇಖಣಿ ಪೆಟ್ಟಿಗೆಯಂತೆ. ಹೆಂಗಸರದು ಬರೆಯುವ ಪಾಟಿಯಂತೆ ಚಪ್ಪಟೆ. ಇದು ತಿಳಿದರೆ ದಖ್ಖನ್ನಿನ ಎಷ್ಟೋ ಹೆಸರಿಲ್ಲದ ಗೋರಿಗಳು ಮಾತಾಡತೊಡಗುತ್ತವೆ. ಊರ ಹೊರಗಿನ ಸಾಠ್ ಕಬರಿನಲ್ಲಿ ಒಂದೇ ಅಳತೆಯ, ಒಂದೇ ಅಂತರದ ಅರವತ್ತಕ್ಕೂ ಹೆಚ್ಚು ಗೋರಿಗಳು ಸಾಲಾಗಿವೆ, ಹೆಂಗಸರವು. ಶಿವಾಜಿಯ ಮೇಲೆ ದಂಡೆತ್ತಿ ಹೊರಡುವ ಮುನ್ನ ಆದಿಲ್ ಶಾಹಿ ಸೇನಾಪತಿ ಅಫಜಲ್ ಖಾನ್ ತನ್ನ ಹೆಂಡಂದಿರನ್ನೆಲ್ಲ ಕೊಂದ ಎಂಬ ಕಥೆ ಅವಕ್ಕೆ ಅಂಟಿಕೊಂಡಿದೆ. ಕಥೆ ನಿಜವೋ ಸುಳ್ಳೋ, ಆ ಚಪ್ಪಟೆ ಕಲ್ಲುಗಳ ನಡುವೆ ನಿಂತಾಗ ಮೊಬೈಲು ಜೇಬಿನಿಂದ ಹೊರಗೆ ತೆಗೆಯುವ ಮನಸ್ಸಾಗುವುದಿಲ್ಲ.

ಗೋರಿಯ ಮುಂದೆ ಏನು ಮಾಡಬೇಕು ಎಂದು ಮುಸ್ಲಿಮರಲ್ಲದ ಗೆಳೆಯರು ಕೇಳುತ್ತಿರುತ್ತಾರೆ. ಏನೂ ಮಾಡಬೇಕಿಲ್ಲ. ಸುಮ್ಮನೆ ಒಂದು ಗಳಿಗೆ ನಿಂತರೆ ಆಯಿತು. ಕೈಮುಗಿಯುವ ರೂಢಿ ಇದ್ದರೆ ಮುಗಿಯಿರಿ, ಯಾರೂ ಬೇಡವೆನ್ನುವುದಿಲ್ಲ. ಬಾರದ ಪ್ರಾರ್ಥನೆಯನ್ನು ಬಂದಂತೆ ನಟಿಸುವುದು ಬೇಡ. ಕಟಕಟೆ ದಾಟಬೇಡಿ, ಕಟ್ಟೆಗೆ ಒರಗಬೇಡಿ, ಅದರ ಮೇಲೆ ನೀರಿನ ಬಾಟಲಿ ಇಡಬೇಡಿ. ಚಿಲ್ಲರೆ ಎಸೆಯುವುದೂ ಬೇಡ. ಕಂಡ ಕಂಡಲ್ಲಿ ಕಾಸು ಎಸೆಯುವ ಚಾಳಿ ನಮಗೆ ಯಾವಾಗ ಅಂಟಿತೋ ಏನೋ.

ಈಗ ತಲೆ ಎತ್ತಿ. ನಾಲ್ಕು ಗೋಡೆಯ ಚೌಕದ ಮೇಲೆ ದುಂಡನೆಯ ಗುಮ್ಮಟ ಕೂರಿಸುವುದು ಹೇಗೆ ಎಂಬ ಪ್ರಶ್ನೆಗೆ ಉತ್ತರ ಅಲ್ಲಿ ಕಾಣುತ್ತದೆ. ಎಂಟು ದೊಡ್ಡ ಕಮಾನುಗಳು ಒಂದನ್ನೊಂದು ಕತ್ತರಿಸಿಕೊಂಡು ಹೋಗಿವೆ. ಒಂದು ಚೌಕದ ಮೇಲೆ ಇನ್ನೊಂದು ಚೌಕವನ್ನು ಓರೆಯಾಗಿ ಇಟ್ಟು ಬಿಡಿಸಿದ ರಂಗೋಲಿಯನ್ನು ನೆನೆಸಿಕೊಳ್ಳಿ. ಆ ಗೆರೆಗಳು ಕೂಡುವ ಕಡೆಗಳಲ್ಲೆಲ್ಲ ಕಮಾನು ಒಳಕ್ಕೆ ಬಾಗುತ್ತ, ಚೌಕ ಮೊದಲು ಎಂಟು ಮೂಲೆಯಾಗಿ ಕೊನೆಗೆ ದುಂಡಾಗುತ್ತದೆ. ಗುಮ್ಮಟದ ಭಾರವೆಲ್ಲ ಆ ಕಮಾನುಗಳ ಮೂಲಕ ದಪ್ಪ ಗೋಡೆಗಳಿಗೆ ಇಳಿಯುತ್ತದೆ.

ಐದನೆಯದು: ಪಿಸುಮಾತಿನ ಮೊಗಸಾಲೆ

ನಾಲ್ಕು ಮೂಲೆಗೂ ಏಳಂತಸ್ತಿನ ಗೋಪುರಗಳು. ಹತ್ತುವ ಮೆಟ್ಟಿಲು ಅದರೊಳಗೇ. ಮೆಟ್ಟಿಲು ಕಿರಿದು, ಎತ್ತರ ಹೆಚ್ಚು, ತಿರುವಿನಲ್ಲಿ ಬೆಳಕು ಕಡಿಮೆ. ಮಂಡಿ ನೋವಿದ್ದವರೂ ಹೃದಯದ ತೊಂದರೆ ಇದ್ದವರೂ ಹಟ ಮಾಡದೆ ಕೆಳಗೇ ಉಳಿಯಿರಿ. ಕೆಳಗೆ ನೋಡುವುದು ಸಾಕಷ್ಟಿದೆ. ಹತ್ತುವವರು ಇಳಿದು ಬರುವವರಿಗೆ ದಾರಿ ಬಿಟ್ಟು ಗೋಡೆಗೆ ಸರಿದು ನಿಲ್ಲಿ. ಕಿಟಕಿಯ ಬಳಿ ಒಂದೊಂದು ಅಂತಸ್ತಿನಲ್ಲಿ ಉಸಿರು ತೆಗೆದುಕೊಳ್ಳಿ.

ಮೇಲಿನ ಮೊಗಸಾಲೆ ನೆಲದಿಂದ 33 ಮೀಟರ್ ಎತ್ತರದಲ್ಲಿದೆ, ಮೂರು ಮೀಟರಿಗಿಂತ ತುಸು ಹೆಚ್ಚು ಅಗಲ. ಅಲ್ಲಿಗೆ ಬಂದವರೆಲ್ಲ ಕೂಗುವುದು ಸದ್ದು ಮತ್ತೆ ಮತ್ತೆ ಮರಳಿ ಬರುತ್ತದೆ ಎಂದು ಕೇಳಿರುವುದರಿಂದ. ಮರಳುತ್ತದೆ, ನಿಜ. ಆದರೆ ಹತ್ತು ಜನ ಒಟ್ಟಿಗೆ ಕೂಗಿದಾಗ ಮೊದಲನೆಯವನ ಸದ್ದು ಅಡಗುವ ಮುನ್ನ ಎರಡನೆಯವನದು, ಅದರ ಮೇಲೆ ಮೂರನೆಯವನದು ಬಂದು ಬಿದ್ದು ಎಲ್ಲವೂ ರಾಡಿಯಾಗುತ್ತದೆ. ಈ ಕಟ್ಟಡದ ನಿಜವಾದ ಚಮತ್ಕಾರ ಮೆಲ್ಲನೆಯ ಮಾತಿನಲ್ಲಿದೆ. ಬಾಗಿದ ಗೋಡೆಗೆ ಬಾಯಿ ಹಚ್ಚಿ ಆಡಿದ ಮಾತು ಚೆದರದೆ ಗೋಡೆಯನ್ನೇ ಹಿಡಿದುಕೊಂಡು ಜಾರುತ್ತ ಆಚೆ ಬದಿಗೆ ಮುಟ್ಟುತ್ತದೆ.

ಮಾಡುವ ಬಗೆ ಹೀಗೆ. ಜೊತೆಗಾರರನ್ನು ನೇರ ಎದುರು ಬದಿಗೆ ಕಳಿಸಿ. ಅವರು ಗೋಡೆಗೆ ಕಿವಿ ಹಚ್ಚಲಿ. ನೀವು ನಿಮ್ಮ ಕಡೆಯ ಗೋಡೆಗೆ ಮುಖ ಮಾಡಿ, ಎರಡು ಬೆರಳಿನಷ್ಟು ಅಂತರ ಬಿಟ್ಟು, ಪೂರ್ತಿ ಪಿಸುಮಾತಿನಲ್ಲಿ ಒಂದು ಸಣ್ಣ ವಾಕ್ಯ ಹೇಳಿ. ಕೈಗಡಿಯಾರ ಬಿಚ್ಚಿ ಗೋಡೆಗೆ ಹಿಡಿದರೆ ಟಿಕ್ ಟಿಕ್ ಕೂಡ ಆ ಕಡೆ ಕೇಳುತ್ತದೆ. ಕಾಗದ ಹರಿದ ಸದ್ದೂ ಕೇಳುತ್ತದೆ, ಆದರೆ ಹರಿದ ಚೂರನ್ನು ಜೇಬಿಗೆ ಹಾಕಿಕೊಳ್ಳಿ. ಬೇರೆ ತಂಡ ಕಿವಿ ಹಚ್ಚಿ ನಿಂತಿದ್ದರೆ ಅವರದು ಮುಗಿಯುವ ತನಕ ಕಾಯಿರಿ.

ಮಕ್ಕಳು ಕೂಗಲೇಬೇಕು ಎಂದು ಕಾಡಿದರೆ ನಾನು ಒಂದು ಒಪ್ಪಂದ ಮಾಡಿಕೊಳ್ಳುತ್ತೇನೆ: ಒಂದೇ ಒಂದು ಚಪ್ಪಾಳೆ, ಒಬ್ಬರಾದ ಮೇಲೆ ಒಬ್ಬರು, ಸದ್ದು ಪೂರ್ತಿ ಇಂಗುವ ತನಕ ಎಣಿಸಬೇಕು. ಎಣಿಸುವ ಕೆಲಸ ಕೊಟ್ಟರೆ ಅವರು ತಾವಾಗಿ ಸುಮ್ಮನಾಗುತ್ತಾರೆ. ಕಟಾಂಜನದ ಮೇಲೆ ಬಗ್ಗದಂತೆ ಒಬ್ಬರು ಕಣ್ಣಿಡಿ.

ಗೈಡುಗಳು ಇಲ್ಲಿ ರಂಭೆಯ ಕಥೆ ಹೇಳುತ್ತಾರೆ. ನನ್ನನ್ನು ಪ್ರೀತಿಸುವುದು ನಿಜವಾದರೆ ಇಲ್ಲಿಂದ ಹಾರು ಎಂದು ಬಾದಶಾ ಅಂದನಂತೆ, ಅವಳು ಹಾರಿಯೇ ಬಿಟ್ಟಳಂತೆ. ಇದು ಬಾಯಿಂದ ಬಾಯಿಗೆ ಬಂದ ಕಥೆ, ಇತಿಹಾಸವೆಂದು ನಂಬಬೇಡಿ. ಅವಳು ಒಬ್ಬ ಮನುಷ್ಯಳು, ಅವಳ ಗೋರಿ ಕೆಳಗೇ ಇದೆ, ಅದನ್ನು ನೆನಪಿಟ್ಟುಕೊಂಡು ಕೇಳಿ. ಕಥೆ ಚೆನ್ನಾಗಿ ಹೇಳಿದ ಗೈಡಿಗೆ ಮೊದಲೇ ಗೊತ್ತು ಮಾಡಿಕೊಂಡ ಹಣ ಚೌಕಾಸಿ ಮಾಡದೆ ಕೊಡಿ. ಅವರಲ್ಲಿ ಕೆಲವರಿಗೆ ಈ ಊರಿನ ಕಲ್ಲು ಕಲ್ಲೂ ಗೊತ್ತು.

ಆರನೆಯದು: ಇಬ್ರಾಹಿಂ ರೋಜಾದಲ್ಲಿ ಸಂಜೆ

ಗೋಳಗುಮ್ಮಟ ಬೆರಗು ಹುಟ್ಟಿಸುತ್ತದೆ. ಮತ್ತೆ ಬಾ ಎಂದು ಕರೆಯುವುದು ಮಾತ್ರ ಇಬ್ರಾಹಿಂ ರೋಜಾ. ಒಂದೇ ದಿನಕ್ಕೆ ಬಂದವರು ಇದಕ್ಕೆ ಅರ್ಧ ಗಂಟೆ ಕೊಟ್ಟು ಬಸ್ಸಿಗೆ ಓಡುವುದನ್ನು ನೋಡಿದಾಗ ಹೊಟ್ಟೆ ಉರಿಯುತ್ತದೆ. ಎರಡು ಗಂಟೆಯಾದರೂ ಬೇಕು.

ಎತ್ತರದ ಒಂದೇ ಕಟ್ಟೆಯ ಮೇಲೆ ಪೂರ್ವಕ್ಕೆ ಗೋರಿಯ ಕಟ್ಟಡ, ಪಶ್ಚಿಮಕ್ಕೆ ಮಸೀದಿ, ನಡುವೆ ಕಾರಂಜಿಯ ಕೊಳ. ಇಲ್ಲಿ ಮಲಗಿರುವವನು ಎರಡನೆಯ ಇಬ್ರಾಹಿಂ ಆದಿಲ್ ಶಾ, 1580ರಿಂದ 1627ರವರೆಗೆ ಆಳಿದವನು. ಸಂಗೀತದ ಹುಚ್ಚು ಹಿಡಿದಿದ್ದ ಅವನು ತನ್ನ ಹಾಡುಗಳಲ್ಲಿ ಸರಸ್ವತಿಯನ್ನೂ ಗಣಪತಿಯನ್ನೂ ಸ್ತುತಿಸಿದವನು. ಜನ ಅವನನ್ನು ಜಗದ್ಗುರು ಬಾದಶಾ ಎಂದು ಕರೆದರು. ಕಟ್ಟಡ ಮೊದಲು ಎದ್ದದ್ದು ರಾಣಿ ತಾಜ್ ಸುಲ್ತಾನಾಳ ಹೆಸರಿನಲ್ಲಿ. ಮೊದಲು ತೀರಿಕೊಂಡವನು ಬಾದಶಾ, ಆದ್ದರಿಂದ ಹೆಸರು ಅವನದಾಯಿತು. ಇಬ್ಬರೂ ಮನೆಯವರೊಂದಿಗೆ ಒಂದೇ ಕೋಣೆಯಲ್ಲಿದ್ದಾರೆ. ಕಟ್ಟಿಸಿದ ಮಲಿಕ್ ಸಂದಲ್‌ನ ಹೆಸರೂ, ಒಂದೂವರೆ ಲಕ್ಷ ಹೊನ್ನು ಮತ್ತು ಮೇಲೆ ಒಂಬೈನೂರು ಎಂಬ ಖರ್ಚಿನ ಲೆಕ್ಕವೂ ಕಲ್ಲಿನಲ್ಲೇ ಇದೆ. ಆ ಮೇಲಿನ ಒಂಬೈನೂರನ್ನು ಬಿಡದೆ ಬರೆಸಿದ ಕರಣಿಕನ ಮೇಲೆ ನನಗೆ ವಿಶೇಷ ಪ್ರೀತಿ.

ಗೋಡೆಯ ಸುತ್ತ ಮೊಗಸಾಲೆ ಇದೆ. ಅಲ್ಲಿ ಬಲದಿಂದ ಶುರುಮಾಡಿ ನಿಧಾನವಾಗಿ ಒಂದು ಸುತ್ತು ಬನ್ನಿ. ಗೋಡೆ ತುಂಬ ಅಕ್ಷರ. ಕಿಟಕಿಗಳ ಹತ್ತಿರ ನಿಂತು ನೋಡಿದರೆ ಜಾಲಂದ್ರವೂ ಅಕ್ಷರವೇ: ಅರಬ್ಬಿ ಬರಹವನ್ನು ಉಳಿಸಿಕೊಂಡು ನಡುವಿನ ಕಲ್ಲನ್ನು ಕೊರೆದು ತೆಗೆದಿದ್ದಾರೆ. ಬೆಳಕು ಆ ಸಂದುಗಳಿಂದ ಒಳಗೆ ಬೀಳುತ್ತದೆ. ಅಕ್ಷರದ ಒಂದು ಬಾಗನ್ನು ಹತ್ತಿರದಿಂದ ನೋಡಿ. ಅಂಚು ನೂರಾರು ವರ್ಷದ ಕೈಗಳಿಂದ ಎಣ್ಣೆ ಹಚ್ಚಿದಂತೆ ಕಪ್ಪಾಗಿ ನುಣುಪಾಗಿದೆ. ಮುಟ್ಟಬೇಡಿ ಎನ್ನುವುದು ಇದಕ್ಕೇ. ಒಬ್ಬರ ಬೆರಳಿನ ಬೆವರು ಏನೂ ಮಾಡುವುದಿಲ್ಲ, ದಿನಕ್ಕೆ ಸಾವಿರ ಬೆರಳು ಮಾಡುತ್ತವೆ. ಈ ಬರಹಗಳಲ್ಲಿ ಕುರಾನಿನ ವಾಕ್ಯಗಳಿವೆ, ಹಾಗಾಗಿ ಬೆನ್ನು ತಾಗಿಸಿ ಕೂರುವುದು, ಗೋಡೆಗೆ ಕಾಲು ಕೊಟ್ಟು ನಿಲ್ಲುವುದು ಸಲ್ಲ.

ಒಳಗಿನ ಕೋಣೆ ಸುಮಾರು 40 ಅಡಿ ಚೌಕ. ಮೇಲ್ಛಾವಣಿಯ ನಡುಭಾಗ ಪೂರ್ತಿ ಸಪಾಟು. ಕಲ್ಲಿಗೆ ಕಲ್ಲು ಗಾರೆಯಿಂದ ಅಂಟಿ ನಿಂತಿದೆ, ಕೆಳಗಿನಿಂದ ಆಧಾರ ಕಾಣುವುದಿಲ್ಲ. ಹೊರಗೆ ಬಂದು ಮಸೀದಿಯ ಸೂರಿನ ಕಡೆ ನೋಡಿದರೆ ಕಲ್ಲಿನಲ್ಲೇ ಕೊರೆದ ಸರಪಳಿಗಳು ತೂಗುತ್ತಿರುತ್ತವೆ. ಮಸೀದಿಯಲ್ಲಿ ಯಾರಾದರೂ ನಮಾಜು ಮಾಡುತ್ತಿದ್ದರೆ ಅವರ ಮುಂದೆ ಹಾಯಬೇಡಿ, ಹಿಂದಿನಿಂದ ಸುತ್ತಿ ಹೋಗಿ. ಅವರು ಪಶ್ಚಿಮಕ್ಕೆ ಮುಖ ಮಾಡಿರುತ್ತಾರೆ, ನೀವು ಪೂರ್ವದ ಬದಿಯಲ್ಲಿದ್ದರೆ ಸಾಕು.

ಏಳನೆಯದು: ದರ್ಗಾ ಸಿಕ್ಕಾಗ

ವಿಜಯಪುರದಲ್ಲಿ ಅರಸರಿಗಿಂತ ಸೂಫಿಗಳ ಗೋರಿಗಳೇ ಹೆಚ್ಚು. ಜೋಡಗುಮ್ಮಟದಲ್ಲಿ ಜನ ಇಂದಿಗೂ ಹರಕೆ ಸಲ್ಲಿಸುತ್ತಾರೆ. ಆದಿಲ್ ಶಾಹಿಯ ಮೂಲಪುರುಷ ಯೂಸುಫ್‌ನನ್ನು ಹುಡುಕಿ ಹೊರಟರೆ ವಿಜಯಪುರದಲ್ಲಿ ಸಿಗುವುದಿಲ್ಲ. ಯಾದಗಿರಿ ಜಿಲ್ಲೆಯ ಗೋಗಿಯಲ್ಲಿ, ಚಂದಾ ಹುಸೇನಿ ದರ್ಗಾದ ಆಶ್ರಯದಲ್ಲಿ ಅವನು ಮಲಗಿದ್ದಾನೆ. ರಾಜ್ಯ ಕಟ್ಟಿದವನಿಗೆ ಗುಮ್ಮಟದ ಹಂಗು ಇರಲಿಲ್ಲ, ಗುರುವಿನ ನೆರಳು ಸಾಕಾಯಿತು.

ದರ್ಗಾದಲ್ಲಿ ತಲೆ ಮುಚ್ಚಿಕೊಳ್ಳಿ. ಹೊಸ್ತಿಲನ್ನು ತುಳಿಯದೆ ದಾಟಿ. ಗೋರಿಯಿರುವ ಒಳಕೋಣೆಗೆ ಹೆಂಗಸರು ಹೋಗುವ ರೂಢಿ ಕೆಲವು ಕಡೆ ಇದೆ, ಕೆಲವು ಕಡೆ ಇಲ್ಲ. ಮುಂಚೆಯೇ ಮುಜಾವರರನ್ನು ಕೇಳಿ. "ಚಾಚಾ, ನಮ್ಮ ಹೆಣ್ಣುಮಕ್ಕಳು ಒಳಗೆ ಬರಬಹುದಾ?" ಎಂದು ಕನ್ನಡದಲ್ಲೇ ಕೇಳಬಹುದು. ಇಲ್ಲವೆಂದರೆ ಅಲ್ಲಿ ನಿಂತು ವಾದ ಹೂಡಬೇಡಿ, ಜಾಲಂದ್ರದ ಬಳಿಯಿಂದ ನೋಡಿ ಬನ್ನಿ. ನನಗೂ ಆ ನಿಯಮ ಹಿಡಿಸುವುದಿಲ್ಲ, ಅದನ್ನು ಬದಲಿಸುವ ಮಾತು ಮಾತ್ರ ಅಲ್ಲಿ ನಡೆದುಕೊಳ್ಳುವವರಿಂದಲೇ ಬರಬೇಕು.

ಸಕ್ಕರೆಯೋ ಮಾಲದಿ ಎಂಬ ಸಿಹಿಯೋ ಕೊಟ್ಟರೆ ಬಲಗೈಯಲ್ಲಿ ತೆಗೆದುಕೊಳ್ಳಿ. ತಿನ್ನಲಾಗದಿದ್ದರೆ ಕಾಗದದಲ್ಲಿ ಕಟ್ಟಿಕೊಂಡು ಬನ್ನಿ, ಬಾಗಿಲ ಬಳಿ ಚೆಲ್ಲಬೇಡಿ. ನವಿಲುಗರಿಯ ಕಟ್ಟಿನಿಂದ ತಲೆ ಸವರಿದರೆ ಗಾಬರಿಯಾಗಬೇಕಿಲ್ಲ, ಅದು ಆಶೀರ್ವಾದ. ಕಾಣಿಕೆ ಕೊಡುವ ಇಷ್ಟವಿದ್ದರೆ ಹುಂಡಿಗೆ ಹಾಕಿ.

ಎಂಟನೆಯದು: ಮೊಬೈಲು, ಮೊಳೆ, ಕಾನೂನು

ಮೊಬೈಲಿನಲ್ಲಿ ಫೋಟೊ ತೆಗೆಯಲು ಈ ಸ್ಮಾರಕಗಳಲ್ಲಿ ಅಡ್ಡಿಯಿಲ್ಲ. ಸ್ಟ್ಯಾಂಡ್ ಇಟ್ಟು ಚಿತ್ರೀಕರಿಸಲು, ಡ್ರೋನ್ ಹಾರಿಸಲು ಮುಂಗಡ ಅನುಮತಿ ಬೇಕು. ಪ್ರಾರ್ಥಿಸುತ್ತಿರುವವರ, ಅದರಲ್ಲೂ ಹೆಣ್ಣುಮಕ್ಕಳ ಚಿತ್ರವನ್ನು ಕೇಳದೆ ತೆಗೆಯಬೇಡಿ. ಗೋರಿಗೆ ಒರಗಿ ನಗುವ ಸೆಲ್ಫಿ, ಕಟ್ಟೆಯ ಮುಂದೆ ಕುಣಿಯುವ ರೀಲು, ಮದುವೆಗೆ ಮುಂಚಿನ ಜೋಡಿ ಫೋಟೊ, ಇವನ್ನು ಉದ್ಯಾನದಲ್ಲಿ ಮಾಡಿಕೊಳ್ಳಿ. ಹುಲ್ಲುಹಾಸು ಅದಕ್ಕೇ ಇದೆ, ಹಿನ್ನೆಲೆಯಲ್ಲಿ ಗುಮ್ಮಟವೂ ಇಡಿಯಾಗಿ ಬರುತ್ತದೆ.

ಗೋಡೆಯ ಮೇಲೆ ಹೆಸರು ಕೆತ್ತುವ ಪ್ರೇಮಿಗಳಿಗೆ ಒಂದು ಲೆಕ್ಕ ಹೇಳಿಬಿಡುತ್ತೇನೆ. ಸಂರಕ್ಷಿತ ಸ್ಮಾರಕವನ್ನು ಕೆಡಿಸಿದರೆ ಎರಡು ವರ್ಷದವರೆಗೆ ಸೆರೆ, ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. 1958ರ ಕಾಯ್ದೆಗೆ 2010ರಲ್ಲಿ ಬಂದ ತಿದ್ದುಪಡಿ ಇದು. ಬುತ್ತಿ ಬಿಚ್ಚುವುದೂ ಸ್ಮಾರಕದ ಒಳಗಲ್ಲ, ಹೊರಗೆ ಮರದ ನೆರಳಿನಲ್ಲಿ.

ಕೊನೆಯದು: ಬಾಗಿಲಿಲ್ಲದ ಗೋರಿಗಳು

ಕಾವಲುಗಾರರು ಇರುವ ಕಡೆ ಎಲ್ಲರೂ ಸಭ್ಯರೇ. ಬಾರಾ ಕಮಾನಿಗೆ ಹೋಗಿ ನೋಡಿ. ಎರಡನೆಯ ಅಲಿ ಆದಿಲ್ ಶಾ ತನಗಾಗಿ ಕಟ್ಟಿಸಲು ಶುರುಮಾಡಿದ್ದು, 1672ರಲ್ಲಿ ಅವನು ತೀರಿಕೊಂಡಾಗ ಅರ್ಧಕ್ಕೇ ನಿಂತುಹೋಯಿತು. ಮೇಲೆ ಗುಮ್ಮಟವಿಲ್ಲ, ಆಕಾಶವೇ ಸೂರು. ಕಪ್ಪು ಕಮಾನುಗಳ ನಡುವೆ, ಎತ್ತರದ ಕಟ್ಟೆಯ ಮೇಲೆ ಗೋರಿಗಳು ಬಿಸಿಲು ಮಳೆಗೆ ಬಿದ್ದಿವೆ. ಗುಮ್ಮಟವಿಲ್ಲದ್ದರಿಂದ ಎಷ್ಟೋ ಜನಕ್ಕೆ ಅದು ಗೋರಿ ಅನ್ನಿಸುವುದೇ ಇಲ್ಲ, ಒಳ್ಳೆ ಗಾಳಿ ಬರುವ ಕಟ್ಟೆ ಅಷ್ಟೇ.

ನನ್ನ ಸೋದರಮಾವನಿಗೂ ಹಾಗೇ ಆಗಿತ್ತು. ಊರ ಹೊರಗಿನ ಹೊಲದ ಬದುವಿನಲ್ಲಿ ಮೊಣಕಾಲೆತ್ತರದ ಒಂದು ಕಲ್ಲು ಕಂಡು, ರೊಟ್ಟಿ ಗಂಟು ಬಿಚ್ಚಿ ಅದರ ಮೇಲೆ ಕೂತರು. ಎರಡು ತುತ್ತು ತಿಂದ ಮೇಲೆ ನಾನು ಸುತ್ತ ನೋಡಿದೆ: ಕಲ್ಲು ಉತ್ತರ-ದಕ್ಷಿಣವಾಗಿತ್ತು, ಉದ್ದ ಮೂರಡಿಯೂ ಇರಲಿಲ್ಲ, ಮೇಲ್ಮೈ ಚಪ್ಪಟೆ. "ಮಾಮಾ, ಏಳ್ರಿ. ಅದು ಸಣ್ಣ ಹುಡುಗಿ ಗೋರಿ ಇದ್ದಂಗ ಕಾಣ್ತದ" ಎಂದೆ. ಮಾಮಾ ತಟ್ಟನೆ ಎದ್ದರು. ಧೋತರದ ತುದಿಯಿಂದ ಕಲ್ಲಿನ ಮೇಲಿನ ರೊಟ್ಟಿ ಚೂರುಗಳನ್ನು ಒರೆಸಿದರು. ಗಂಟಿನಲ್ಲಿ ಉಳಿದಿದ್ದ ಬೆಲ್ಲದ ಹಳಕನ್ನು ಅದರ ಮೇಲಿಟ್ಟು ನನ್ನ ಕಡೆ ನೋಡದೆ, "ನಡೀ, ಬೇವಿನ ಗಿಡದ ಕೆಳಗ ಕೂಡೋಣು" ಎಂದರು.